ಕಲ್ಲು ಬಕೆಟ್: ಅಗಲ ಕೇಳುವ ಮೊದಲು ತೂಕ ಕೇಳಿ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲಿನ ಗಡಿಬಿಡಿ ತಗ್ಗುತ್ತಿದ್ದಂತೆ ನಮ್ಮ ಕಡೆ ಹೊಸ ತೋಟದ ಕೆಲಸ ಶುರುವಾಗುತ್ತದೆ. ಸಾಗರ, ಹೊಸನಗರ, ಸೊರಬ, ತೀರ್ಥಹಳ್ಳಿ ಸೀಮೆಯಲ್ಲಿ ಮಕ್ಕಿ ಗದ್ದೆ (ಮಳೆ ನೀರನ್ನೇ ನಂಬಿದ ಎತ್ತರದ ಗದ್ದೆ), ಬೇಣ (ಹುಲ್ಲುಗಾವಲು), ಶುಂಠಿ ತೆಗೆದು ಬಿಟ್ಟ ಜಾಗ ಎಲ್ಲವೂ ಅಡಿಕೆಗೆ ತಿರುಗುತ್ತಿವೆ. ಅಲ್ಲಿ ಮೊದಲ ಎದುರಾಳಿ ಕಲ್ಲು. ಕಲ್ಲು ಹೆಕ್ಕಲು ಆಳು ಸಿಗುವುದಿಲ್ಲ, ಹಿಟಾಚಿಗೆ ಗಂಟೆ ಲೆಕ್ಕದ ಬಾಡಿಗೆ ಕೊಟ್ಟು ಚಿಲ್ಲರೆ ಕಲ್ಲು ಎತ್ತಿಸುವುದು ಗಿಟ್ಟುವುದಿಲ್ಲ. ಹಾಗಾಗಿ ಮನೆಯ ಟ್ರ್ಯಾಕ್ಟರಿಗೆ ಮುಂದೆ ಲೋಡರ್ (ಬಕೆಟ್ ಎತ್ತುವ ಜೋಡಿ ತೋಳು) ಕಟ್ಟಿಸಿ, ಅದಕ್ಕೊಂದು ರಾಕ್ ಬಕೆಟ್, ಅಂದರೆ ಕಲ್ಲು ಹೆಕ್ಕುವ ಬಕೆಟ್, ಮಾಡಿಸುವವರು ಹೆಚ್ಚುತ್ತಿದ್ದಾರೆ. ಮಾಡಿಸಲಿ, ಒಳ್ಳೆಯ ಸಾಧನ. ಆದರೆ ವರ್ಕ್‌ಶಾಪಿಗೆ ಹೋದವರು ಕೇಳುವುದು ಎರಡೇ ಪ್ರಶ್ನೆ: ಎಷ್ಟಡಿ ಅಗಲ, ಎಷ್ಟು ರೇಟು. ಖಾಲಿ ಬಕೆಟ್ ಎಷ್ಟು ಕೆಜಿ ಎಂದು ಕೇಳುವವರು ಅಪರೂಪ. ಮುಂದಿನ ಆಕ್ಸಲ್ ಮುರಿಯುವುದು, ಲೋಡರ್ ತೋಳು ತಿರುಚುವುದು, ಹಿಂದಿನ ಚಕ್ರ ನೆಲ ಬಿಡುವುದು ಇವೆಲ್ಲ ಆ ಕೇಳದೆ ಉಳಿದ ಪ್ರಶ್ನೆಯಿಂದಲೇ ಬರುವಂಥವು. ಈ ವರ್ಷ ಬಕೆಟ್ ಮಾಡಿಸಲು ಹೊರಟವರಿಗೆ ಉಪಯೋಗವಾಗಲಿ ಎಂದು ಈ ಪತ್ರ. ಉದ್ದವಾಗಿದೆ, ಆದರೆ ಅಳತೆಯಿಲ್ಲದೆ ಹೇಳುವ ವಿಷಯ ಇದಲ್ಲ.

ಸಾದಾ ಬಕೆಟ್‌ಗೆ ತಳದಲ್ಲಿ ಇಡೀ ತಗಡು ಇರುತ್ತದೆ. ರಾಕ್ ಬಕೆಟ್‌ಗೆ ತಳದಲ್ಲಿ ಸಾಲಾಗಿ ಉಕ್ಕಿನ ಹಲ್ಲುಗಳು, ನಡುವೆ ಸಂದು. ಮಣ್ಣು ಸಂದಿನಲ್ಲಿ ಇಳಿದುಹೋಗುತ್ತದೆ, ಕಲ್ಲು ಉಳಿಯುತ್ತದೆ. ಇಷ್ಟೇ. ಹಳೆಯ ಸಾದಾ ಬಕೆಟ್‌ನ ತಳವನ್ನೇ ಗ್ಯಾಸ್ ಕಟಿಂಗಿನಲ್ಲಿ ಸೀಳಿ ರಾಕ್ ಬಕೆಟ್ ಮಾಡಿಕೊಡುವವರೂ ಇದ್ದಾರೆ. ಅದು ಬೇಡ. ಸಾದಾ ಬಕೆಟ್‌ನ ಗಟ್ಟಿತನ ಇರುವುದೇ ಆ ಇಡೀ ತಗಡಿನಲ್ಲಿ. ಸೀಳಿದ ಮೇಲೆ ಉಳಿಯುವುದು 5–6 ಮಿ.ಮೀ. ದಪ್ಪದ ಮಲಗಿದ ಪಟ್ಟಿಗಳು. ಅವು ಮೊದಲ ಕಗ್ಗಲ್ಲಿಗೇ ಬಾಗುತ್ತವೆ.

ಈಗ ತೂಕದ ಲೆಕ್ಕ. 5 ಅಡಿ, ಅಂದರೆ 1,500 ಮಿ.ಮೀ. ಅಗಲದ ಬಕೆಟ್ ಎಂದುಕೊಳ್ಳಿ. ಹಲ್ಲು 12 ಮಿ.ಮೀ. ದಪ್ಪ, 65 ಮಿ.ಮೀ. ಎತ್ತರದ ಪ್ಲೇಟು, ನಿಲ್ಲಿಸಿ ಕೂರಿಸಿದ್ದು. ಸಂದು 75 ಮಿ.ಮೀ. ಹಾಗಾದರೆ 18 ಹಲ್ಲು ಬೇಕು. ತಳ 900, ಬೆನ್ನು 500 ಸೇರಿ ಒಂದೊಂದು ಹಲ್ಲು 1.4 ಮೀಟರ್. ಈ ಪ್ಲೇಟು ಮೀಟರಿಗೆ 6.1 ಕೆಜಿ ತೂಗುತ್ತದೆ, ಹಲ್ಲುಗಳದ್ದೇ 150 ಕೆಜಿ ದಾಟಿತು. ಎರಡು ಪಕ್ಕದ ತಗಡು, ಅಡ್ಡ ಪೈಪು, ಬಕೆಟನ್ನು ತೋಳಿಗೆ ಸಿಕ್ಕಿಸುವ ಪಿನ್ ಕೂರಿಸುವ ಬ್ರಾಕೆಟ್ ಎಲ್ಲ ಸೇರಿದರೆ 270–280 ಕೆಜಿಗೆ ನಿಲ್ಲುತ್ತದೆ. ನಿಮ್ಮ ಲೋಡರ್ 600 ಕೆಜಿ ಎತ್ತುತ್ತದೆ ಎಂದಿದ್ದರೆ ಕಲ್ಲಿಗೆ ಉಳಿದದ್ದು 325 ಕೆಜಿ ಮಾತ್ರ. ಆ 600 ಕೂಡ ಎಲ್ಲಿ ಅಳೆದದ್ದು ಎಂದು ಕೇಳಿಕೊಳ್ಳಬೇಕು. ಪಿನ್ನಿನ ಬುಡದಲ್ಲಿ ಅಳೆದರೆ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಪಿನ್ನಿನಿಂದ ಅರ್ಧ ಮೀಟರ್ ಮುಂದೆ, ಕಲ್ಲು ನಿಜವಾಗಿ ಕೂರುವ ಜಾಗದಲ್ಲಿ ಅಳೆದರೆ ಕಡಿಮೆ. ನೆಲಮಟ್ಟದಲ್ಲಿ ಎತ್ತುವ ತೂಕ ಬೇರೆ, ಪೂರ್ತಿ ಎತ್ತರದಲ್ಲಿ ಎತ್ತುವ ತೂಕ ಬೇರೆ.

325 ಕೆಜಿ ಎಂದರೆ ಎಷ್ಟು ಕಲ್ಲು? ಕಗ್ಗಲ್ಲು ಒಂದು ಘನ ಮೀಟರಿಗೆ ಸುಮಾರು 2,650 ಕೆಜಿ. ಒಂದು ಅಡಿ ಅಡ್ಡಳತೆಯ ಗುಂಡುಕಲ್ಲು ಹತ್ತಿರ ಹತ್ತಿರ 40 ಕೆಜಿ, ಒಂದೂವರೆ ಅಡಿಯದ್ದು 125, ಎರಡು ಅಡಿಯದ್ದು 300. ಅಳತೆ ಇಮ್ಮಡಿಯಾದರೆ ತೂಕ ಎಂಟು ಪಟ್ಟು ಎಂಬುದನ್ನು ಕಣ್ಣು ನಂಬುವುದಿಲ್ಲ. ಹಾಗಾಗಿಯೇ ಎರಡಡಿ ಗುಂಡಿನ ಮುಂದೆ ಡ್ರೈವರ್‌ಗಳು ಮೋಸ ಹೋಗುತ್ತಾರೆ. ಬಿಡಿ ಕಲ್ಲು ರಾಶಿಯಾಗಿ ತುಂಬಿದರೆ ಘನ ಮೀಟರಿಗೆ 1,600 ಕೆಜಿ ಆಸುಪಾಸು. 5 ಅಡಿ ಬಕೆಟ್ ಸರಿಯಾಗಿ ತುಂಬಿದರೆ 0.3 ಘನ ಮೀಟರ್ ಹಿಡಿಯುತ್ತದೆ, ಅಂದರೆ 480 ಕೆಜಿ. ಮೇಲಿನ ಲೋಡರ್ ಅದನ್ನು ಎತ್ತಲಾರದು, ಎತ್ತಿದರೂ ಎತ್ತಬಾರದು. ನಮ್ಮ ಅಭಿಪ್ರಾಯದಲ್ಲಿ 45–50 ಎಚ್‌ಪಿಯ ಟ್ರ್ಯಾಕ್ಟರಿಗೆ ನಾಲ್ಕೂವರೆ ಅಡಿ ಸಾಕು. ಮುಂದಿನ ಎರಡು ಚಕ್ರಗಳ ಹೊರ ಅಂಚಿನಷ್ಟು ಅಗಲ ಇದ್ದರೆ ಚಕ್ರಕ್ಕೆ ದಾರಿ ತೆರವಾಗುತ್ತದೆ, ಅದಕ್ಕಿಂತ ಹೆಚ್ಚು ಅಗಲ ಬರೀ ಹೊರೆ. ಆರಡಿ ಬಕೆಟ್ ಅಂಗಳದಲ್ಲಿ ನಿಂತಾಗ ಚಂದ ಕಾಣುತ್ತದೆ, ಅಷ್ಟೆ.

ತೂಕ ಎತ್ತುವುದು ಜಾಕು (ಎಣ್ಣೆ ಒತ್ತಡದ ಸಿಲಿಂಡರ್), ಹೊರುವುದು ಮುಂದಿನ ಆಕ್ಸಲ್. ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿನ ಮುಂಭಾಗವನ್ನು ಮಾಡಿರುವುದು ಹೊಲ ಉಳುವುದಕ್ಕೆ. ಲೆಕ್ಕ ನೋಡಿ. ಬಕೆಟ್ ಮತ್ತು ಕಲ್ಲು ಸೇರಿ 600 ಕೆಜಿ, ಅದು ಮುಂದಿನ ಆಕ್ಸಲ್‌ನಿಂದ ಒಂದೂವರೆ ಮೀಟರ್ ಮುಂದಿದೆ, ಎರಡು ಆಕ್ಸಲ್ ನಡುವೆ ಎರಡು ಮೀಟರ್ ಅಂತರ. ಆಗ ಮುಂದಿನ ಆಕ್ಸಲ್ ಮೇಲೆ ಹೆಚ್ಚುವ ಭಾರ 600 ಅಲ್ಲ, 1,050 ಕೆಜಿ. ಉಳಿದ 450 ಹಿಂದಿನ ಚಕ್ರಗಳಿಂದ ಕಿತ್ತುಬಂದದ್ದು. ಹಿಂದಿನ ಚಕ್ರದ ಹಿಡಿತ ಹೋಯಿತೆಂದರೆ ಬ್ರೇಕೂ ಹೋಯಿತು, ಏಕೆಂದರೆ ಬ್ರೇಕ್ ಇರುವುದು ಹಿಂದಿನ ಚಕ್ರಕ್ಕೆ ಮಾತ್ರ. ಇಳಿಜಾರಿನ ಮಲೆನಾಡಿನಲ್ಲಿ ಇದಕ್ಕಿಂತ ಹೆಚ್ಚು ವಿವರಿಸಬೇಕಿಲ್ಲ.

ಪರಿಹಾರ ಹಿಂದೆ ಭಾರ ಕಟ್ಟುವುದು. 75 ಸೆಂ.ಮೀ. ಉದ್ದ, 50 ಅಗಲ, 50 ಎತ್ತರದ ಪ್ಲೇಟಿನ ಪೆಟ್ಟಿಗೆ ಮಾಡಿ ಕಾಂಕ್ರೀಟ್ ತುಂಬಿದರೆ 450 ಕೆಜಿ ಬರುತ್ತದೆ. ಟ್ರ್ಯಾಕ್ಟರಿನ ಹಿಂದೆ ಉಪಕರಣ ಕಟ್ಟುವ ಮೂರು ಪಾಯಿಂಟ್ ಲಿಂಕಿಗೆ ಸಿಕ್ಕಿಸುವ ಪಿನ್ನುಗಳನ್ನು ಕಾಂಕ್ರೀಟ್ ಹಾಕುವ ಮೊದಲೇ ಪೆಟ್ಟಿಗೆಯ ಆಚೀಚೆ ತೂರಿಸಿ ವೆಲ್ಡ್ ಮಾಡಿಸಿ. ಈ 450 ಕೆಜಿ ಹಿಂದಿನ ಆಕ್ಸಲ್‌ನಿಂದ ಒಂದು ಮೀಟರ್ ಹಿಂದೆ ತೂಗಿದರೆ ಹಿಂದಿನ ಚಕ್ರಕ್ಕೆ 675 ಕೆಜಿ ಸೇರುತ್ತದೆ, ಮುಂದಿನ ಆಕ್ಸಲ್‌ನಿಂದ 225 ಕೆಜಿ ಇಳಿಯುತ್ತದೆ. ಟೈರಿಗೆ ನೀರು ತುಂಬಿಸುವುದೂ ಒಳ್ಳೆಯದೇ. 13.6-28 ಅಳತೆಯ ಹಿಂದಿನ ಟೈರಿಗೆ ವಾಲ್ವ್ ಮೇಲೆ ಬರುವಂತೆ ನಿಲ್ಲಿಸಿ ಮುಕ್ಕಾಲು ತುಂಬಿಸಿದರೆ 150ರಿಂದ 200 ಲೀಟರ್ ಹಿಡಿಯುತ್ತದೆ. ಚಳಿ ದೇಶಗಳಲ್ಲಿ ಅದು ಹೆಪ್ಪುಗಟ್ಟದಿರಲಿ ಎಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುತ್ತಾರೆ, ನಮಗೆ ಬಾವಿ ನೀರೇ ಸಾಕು. ಆದರೆ ಒಂದು ವ್ಯತ್ಯಾಸ ಗಮನದಲ್ಲಿರಲಿ: ಟೈರಿನ ನೀರು ಹಿಂಭಾಗವನ್ನು ಒತ್ತಿ ಹಿಡಿಯುತ್ತದೆಯೇ ಹೊರತು ಮುಂದಿನ ಆಕ್ಸಲ್‌ನ ಹೊರೆಯನ್ನು ಇಳಿಸುವುದಿಲ್ಲ. ಅದನ್ನು ಇಳಿಸಲು ಹಿಂದಿನ ಆಕ್ಸಲ್‌ನ ಆಚೆ ತೂಗುವ ಭಾರವೇ ಬೇಕು. ಪೆಟ್ಟಿಗೆ ಮಾಡಿಸುವ ತನಕ ರೋಟವೇಟರ್ ಸಿಕ್ಕಿಸಿಕೊಂಡರೂ ನಡೆಯುತ್ತದೆ, ಅದೂ ಸುಮಾರು 400 ಕೆಜಿ ತೂಗುತ್ತದೆ, ಕಲ್ಲು ನೆಲದಲ್ಲಿ ಬ್ಲೇಡು ತಾಗದಂತೆ ಎತ್ತಿ ಇಟ್ಟುಕೊಳ್ಳಬೇಕು.

ಬಕೆಟ್ ಕೊಟ್ಟವರು "ಭಾರ ಎತ್ತದಿದ್ದರೆ ಪ್ರೆಶರ್ ಜಾಸ್ತಿ ಮಾಡಿಕೊಡ್ತೀವಿ" ಎಂದರೆ ಒಪ್ಪಬೇಡಿ. 50 ಮಿ.ಮೀ. ಒಳ ಅಳತೆಯ ಜಾಕು 175 ಬಾರ್ ಒತ್ತಡದಲ್ಲಿ ಈಗಾಗಲೇ 3 ಟನ್ ಮೀರಿ ತಳ್ಳುತ್ತಿರುತ್ತದೆ. ರಿಲೀಫ್ ವಾಲ್ವ್ ಇರುವುದು ತೋಳು ಬಾಗುವ ಮೊದಲು ಎಣ್ಣೆ ಹಿಂದಿರುಗಲಿ ಎಂದು. ಅದರ ಸ್ಕ್ರೂ ಬಿಗಿ ಮಾಡಿದರೆ ಹೋಸ್ ಒಡೆಯುತ್ತದೆ, ಹೋಸ್ ಉಳಿದರೆ ತೋಳು ಹೋಗುತ್ತದೆ.

ಇನ್ನು ಸಂದು. ಇದು ನಿಮ್ಮ ಮಣ್ಣು ತೀರ್ಮಾನಿಸುವ ವಿಷಯ, ವರ್ಕ್‌ಶಾಪಿನದ್ದಲ್ಲ. ಮೊದಲು ಅಳತೆಯ ಗೊಂದಲ ಬಿಡಿಸಿಕೊಳ್ಳಿ. "ಮೂರಿಂಚಿಗೆ ಒಂದು ಹಲ್ಲು" ಎಂದರೆ ಫಿಟ್ಟರ್ ನಡುವಿನಿಂದ ನಡುವಿಗೆ 75 ಮಿ.ಮೀ. ಹಿಡಿಯುತ್ತಾನೆ. ಹಲ್ಲು 16 ಮಿ.ಮೀ. ದಪ್ಪದ್ದಾದರೆ ನಿಮಗೆ ಸಿಗುವ ಸಂದು 59 ಮಾತ್ರ. "ಸಂದಿನಲ್ಲಿ 75 ಮಿ.ಮೀ. ತುಂಡು ಹಾಯಬೇಕು" ಎಂದೇ ಹೇಳಿ, ಆ ಅಳತೆಯ ಕಟ್ಟಿಗೆ ತುಂಡನ್ನೇ ಕೊಟ್ಟು ಬನ್ನಿ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಜಂಬಿಟ್ಟಿಗೆ ನೆಲದಲ್ಲಿ ಕೆಂಪು ಮಣ್ಣು ಅಂಟು, ಅದರಲ್ಲಿ ಬಟಾಣಿಯಿಂದ ಹಿಡಿದು ಮುಷ್ಟಿ ಗಾತ್ರದವರೆಗೆ ಜಂಬುಕಲ್ಲಿನ ಹರಳು. ಅಲ್ಲಿ 60 ಮಿ.ಮೀ. ಸಂದು ಇಟ್ಟರೆ ಹತ್ತು ನಿಮಿಷಕ್ಕೆ ಬಕೆಟ್ ಮುಚ್ಚಿಹೋಗಿ ಸಾದಾ ಬಕೆಟ್ ಆಗುತ್ತದೆ. 100 ಮಿ.ಮೀ. ಇಡಿ. ಮುಷ್ಟಿ ಗಾತ್ರದ ಕಲ್ಲು ಉಳಿದುಬಿಡುತ್ತದಲ್ಲ ಎನ್ನುತ್ತಾರೆ. ಉಳಿಯಲಿ. ವರ್ಷಕ್ಕೆ ಇಷ್ಟೊಂದು ಮಳೆ ಹೊಡೆಯುವ ಇಳಿಜಾರಿನಲ್ಲಿ ಮೇಲ್ಮೈಯ ಸಣ್ಣ ಕಲ್ಲು ಹನಿಯ ಹೊಡೆತ ತಡೆದು ಮಣ್ಣು ಕೊಚ್ಚಿಹೋಗದಂತೆ ಹಿಡಿಯುತ್ತದೆ. ಅಡಿಕೆ ಬೇರಿಗೆ ಅದರಿಂದ ತೊಂದರೆಯೇನೂ ಇಲ್ಲ. ಜರಡಿ ಹಿಡಿದಂತೆ ನೆಲ ಬೋಳಿಸುವ ಹಠ ಶುಂಠಿ, ತರಕಾರಿ ಪಾತಿಗೆ ಸರಿ, ತೋಟಕ್ಕಲ್ಲ. 100 ಮಿ.ಮೀ. ಸಂದಿಗೆ ಇನ್ನೊಂದು ಲಾಭವೂ ಉಂಟು: ಮೇಲೆ ಹೇಳಿದ 5 ಅಡಿ ಬಕೆಟ್‌ಗೆ 18ರ ಬದಲು 14 ಹಲ್ಲು ಸಾಕು, 30 ಕೆಜಿಗೂ ಹೆಚ್ಚು ಉಕ್ಕು ಇಳಿಯಿತು. ಶಿವಮೊಗ್ಗ, ಭದ್ರಾವತಿ, ಶಿಕಾರಿಪುರದ ಅರೆ ಮಲೆನಾಡಿನ ಮರಳು ಮಿಶ್ರಿತ ಮಣ್ಣಿನಲ್ಲಿ, ಕಗ್ಗಲ್ಲು ಮತ್ತು ಬೆಣಚುಕಲ್ಲಿನ ಚೂರು ಹೆಚ್ಚಿರುವ ಕಡೆ 65–75 ಮಿ.ಮೀ. ನಡೆಯುತ್ತದೆ. ಪದರ ಪದರವಾಗಿ ಏಳುವ ಚಪ್ಪಟೆ ಕಲ್ಲಿನ ನೆಲದಲ್ಲಿ ಮಾತ್ರ ಯಾವ ಸಂದಿಟ್ಟರೂ ಒಂದು ಪಾಲು ಮಗ್ಗುಲಾಗಿ ಜಾರಿಹೋಗುತ್ತದೆ, ಅಲ್ಲಿ ಕೈಯಲ್ಲೇ ಹೆಕ್ಕಬೇಕು.

ಮಣ್ಣಿನ ಹದವೂ ಮುಖ್ಯ. ಒಂದು ಹಿಡಿ ಮಣ್ಣು ಬಿಗಿಯಾಗಿ ಹಿಸುಕಿ ಎದೆ ಎತ್ತರದಿಂದ ಕೆಳಗೆ ಬಿಡಿ. ಪುಡಿಯಾದರೆ ಕೆಲಸ ಶುರು ಮಾಡಿ. ಉಂಡೆಯಾಗಿಯೇ ಬಿದ್ದರೆ ವಾರ ಬಿಟ್ಟು ನೋಡಿ. ಮಳೆ ನಿಂತ ಕೂಡಲೇ ಇಳಿದರೆ ಅಂಟು, ಬೇಸಿಗೆ ಬಲಿತ ಮೇಲೆ ಇಳಿದರೆ ಜಂಬಿಟ್ಟಿಗೆ ಮಣ್ಣೇ ಕಲ್ಲಾಗಿ ಹಲ್ಲು ಊರುವುದಿಲ್ಲ. ಡಿಸೆಂಬರ್ ಕೊನೆಯಿಂದ ಫೆಬ್ರುವರಿವರೆಗೆ ಹೆಚ್ಚಿನ ಕಡೆ ಹದ ಸಿಗುತ್ತದೆ. ಒಳಗಿನಿಂದ ಆಗತಾನೇ ಎದ್ದ ಜಂಬಿಟ್ಟಿಗೆ ಹೆಂಟೆ ಮೆತ್ತಗಿರುತ್ತದೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುವುದು ಅದರ ಗುಣ. ಹಾಗಾಗಿ ಎದ್ದ ದಿನವೇ ಬಕೆಟ್‌ನ ಬೆನ್ನಿನಲ್ಲಿ ಒತ್ತಿದರೆ ಅರ್ಧ ಒಡೆದು ಸಂದಿನಲ್ಲಿ ಇಳಿಯುತ್ತದೆ. ತಿಂಗಳು ಬಿಟ್ಟರೆ ಅದನ್ನೇ ಗಾಡಿಯಲ್ಲಿ ಹೊರಬೇಕು.

ಕಲ್ಲು ಸಂದಿನಲ್ಲಿ ಸಿಕ್ಕಿಕೊಳ್ಳುವುದು ಮತ್ತೊಂದು ದೂರು. ನಿಲ್ಲಿಸಿದ ಪ್ಲೇಟುಗಳ ನಡುವೆ ಸಂದು ಮೇಲೂ ಕೆಳಗೂ ಒಂದೇ ಅಗಲ ಇರುವುದರಿಂದ ಅರ್ಧ ಇಳಿದ ಕಲ್ಲು ಬೆಣೆಯಾಗಿ ಕೂರುತ್ತದೆ. ಇದಕ್ಕೊಂದು ಉಪಾಯವಿದೆ. 12 ಮಿ.ಮೀ. ಪ್ಲೇಟಿನ ಮೇಲಂಚಿಗೆ, ತಳದ ಭಾಗದಲ್ಲಿ ಮಾತ್ರ, 16 ಮಿ.ಮೀ.ನ ನಯವಾದ ರಾಡನ್ನು ಉದ್ದಕ್ಕೂ ಬೆಸೆಯುವುದು. ಆಗ ಸಂದು ಮೇಲೆ 4 ಮಿ.ಮೀ. ಕಿರಿದು, ಕೆಳಗೆ ಅಗಲ. ಮೇಲಿನದನ್ನು ದಾಟಿದ ಕಲ್ಲು ನಿಲ್ಲದೆ ಬೀಳುತ್ತದೆ. ಸವೆತ ತಿನ್ನುವುದೂ ಆ ರಾಡೇ, ಸವೆದ ಮೇಲೆ ಕಿತ್ತು ಬೇರೆ ಹಾಕಬಹುದು. ಬೆಣಚುಕಲ್ಲು ಉಕ್ಕಿಗಿಂತ ಗಟ್ಟಿ, ಅದಿರುವ ನೆಲದಲ್ಲಿ ಸವೆತ ಕಣ್ಣಿಗೆ ಕಾಣುವಷ್ಟು ಬೇಗ ಆಗುತ್ತದೆ. ಈ ರಾಡಿನಿಂದ ಬಕೆಟ್‌ಗೆ 20–25 ಕೆಜಿ ಸೇರುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಿರಿ.

ಹಲ್ಲಿಗೆ ಯಾವ ಉಕ್ಕು, ಯಾವ ಆಕಾರ ಎಂಬಲ್ಲಿ ವರ್ಕ್‌ಶಾಪುಗಳ ಜೊತೆ ಹೆಚ್ಚು ಜಗಳ. ಸುಲಭಕ್ಕೆ ಸಿಗುವುದು ಗುಂಡು ರಾಡು ಮತ್ತು ಕಟ್ಟಡದ ಟಿಎಂಟಿ ಕಂಬಿ. 25 ಮಿ.ಮೀ. ರಾಡನ್ನೂ 12×65ರ ಪ್ಲೇಟನ್ನೂ ಹೋಲಿಸಿ ನೋಡಿ. ಪ್ಲೇಟಿನ ತೂಕ ರಾಡಿಗಿಂತ ಒಂದೂವರೆ ಪಟ್ಟು ಚಿಲ್ಲರೆ, ಆದರೆ ಕೆಳಕ್ಕೆ ಬಾಗುವುದನ್ನು ತಡೆಯುವ ಶಕ್ತಿ ಐದೂವರೆ ಪಟ್ಟು. ಎತ್ತರ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುವುದೇ ಇದರ ಗುಟ್ಟು. 300 ಕೆಜಿಯ ಕಲ್ಲು ಬುಡದಿಂದ 70 ಸೆಂ.ಮೀ. ದೂರದಲ್ಲಿ ಒಂದೇ ಹಲ್ಲಿನ ಮೇಲೆ ಕೂತರೆ ಆ ರಾಡು ಖಂಡಿತ ಬಾಗುತ್ತದೆ. ಪ್ಲೇಟು ಸಾದಾ ಎಂಎಸ್ (ಮೆದು ಉಕ್ಕು) ಆದರೆ, ಅಂದರೆ ಉಕ್ಕಿನ ಭಾರತೀಯ ಮಾನದಂಡ ಐಎಸ್ 2062ರ ಇ250 ದರ್ಜೆಯದ್ದಾದರೆ, ಬಾಗುವ ಅಂಚಿನಲ್ಲಿ ನಿಲ್ಲುತ್ತದೆ. ಅದೇ ಅಳತೆಯ ಇ350 ದರ್ಜೆಯ ಪ್ಲೇಟು ತಂದರೆ ತೂಕ ಏರದೆ ಬಲ ಒಂದು ಕಾಲು ಪಟ್ಟಿಗಿಂತ ಮೇಲೇರುತ್ತದೆ. ನಮ್ಮ ಆಯ್ಕೆ ಅದೇ. 16×75ರ ಪ್ಲೇಟು ಇನ್ನೂ ಗಟ್ಟಿ ಎಂಬುದು ನಿಜ, ಆದರೆ ಹಲ್ಲುಗಳ ತೂಕ 150ರಿಂದ 235ಕ್ಕೆ ಜಿಗಿಯುತ್ತದೆ. ಎತ್ತುವ ಶಕ್ತಿಯೆಲ್ಲ ಬಕೆಟ್‌ಗೇ ಖರ್ಚು. ಎರಡು ತುದಿಯ ಹಲ್ಲನ್ನು ಮಾತ್ರ 16 ಮಿ.ಮೀ. ಮಾಡಿಸಿ, ಮೂಲೆಯ ಪೆಟ್ಟು ಬೀಳುವುದು ಅವಕ್ಕೆ. ಹಾರ್ಡಾಕ್ಸ್ ತರಹದ ಸವೆತ ತಡೆಯುವ ಪ್ಲೇಟು ಸಿಕ್ಕರೆ ತುದಿಗೆ ಒಂದೊಂದು ಗೇಣು ಹಾಕಿಸಿದರೆ ಸಾಕು, ಇಡೀ ಬಕೆಟ್ ಅದರಲ್ಲೇ ಮಾಡಿಸುವುದು ದುಡ್ಡು ಹೆಚ್ಚಾದವರ ಮಾತು.

ಪ್ಲೇಟಿಗೆ ಒಂದು ದೌರ್ಬಲ್ಯ ಇದೆ. ಪಕ್ಕಕ್ಕೆ ತಳ್ಳಿದರೆ ಅದರ ಬಲ ಆ ಗುಂಡು ರಾಡಿನಷ್ಟೇ. ಟ್ರ್ಯಾಕ್ಟರ್ ತಿರುಗಿಸುತ್ತಾ ಊರಿದರೆ ಹಲ್ಲುಗಳು ಒಂದೇ ಕಡೆಗೆ ಮಲಗುತ್ತವೆ. ಹಾಗಾಗಿ ಬುಡದಿಂದ ಮೂರನೇ ಎರಡು ಭಾಗದ ದೂರದಲ್ಲಿ, ಹಲ್ಲುಗಳ ಕೆಳಂಚಿಗೆ ಒಂದು ಅಡ್ಡ ಪೈಪು ಬೇಕೇ ಬೇಕು. ಕೆಳಗೇ ಏಕೆ ಎಂದರೆ, ಕಲ್ಲಿನ ಭಾರಕ್ಕೆ ಹಲ್ಲಿನ ಮೇಲಂಚು ಹಿಗ್ಗುತ್ತದೆ, ಕೆಳಂಚು ಕುಗ್ಗುತ್ತದೆ. ಹಿಗ್ಗುವ ಅಂಚಿಗೆ ಅಡ್ಡವಾಗಿ ವೆಲ್ಡಿಂಗ್ ಬಿದ್ದರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ. ಇದೇ ಕಾರಣಕ್ಕೆ ತಳದ ತುಂಡು, ಬೆನ್ನಿನ ತುಂಡು ಎಂದು ಎರಡು ಮಾಡಿ ಮೂಲೆಯಲ್ಲಿ ಬೆಸೆಯುವುದೂ ತಪ್ಪು. ಅತಿ ಹೆಚ್ಚು ಒತ್ತಡ ಬೀಳುವ ಜಾಗ ಆ ಮೂಲೆಯೇ. ಹಲ್ಲನ್ನು ಎಲ್ ಆಕಾರದಲ್ಲಿ ಒಂದೇ ಪ್ಲೇಟಿನಿಂದ, ಒಳಮೂಲೆಗೆ ಕನಿಷ್ಠ 100 ಮಿ.ಮೀ. ತ್ರಿಜ್ಯದ ಬಳುಕು ಕೊಟ್ಟು ಕತ್ತರಿಸಬೇಕು. ಶಿವಮೊಗ್ಗದಲ್ಲಿ ಪ್ರೊಫೈಲ್ ಕಟಿಂಗ್ ಮಾಡುವವರ ಬಳಿ ಒಂದು ರಟ್ಟಿನ ಮಾದರಿ ಕೊಟ್ಟರೆ ಒಂದರ ಮಡಿಲಲ್ಲಿ ಒಂದು ಕೂರುವಂತೆ ಪ್ಲೇಟಿನಲ್ಲಿ ಜೋಡಿಸಿ ತೆಗೆಯುತ್ತಾರೆ, ಗುಜರಿಗೆ ಹೋಗುವ ಉಕ್ಕು ಕಡಿಮೆಯಾಗುತ್ತದೆ.

ಟಿಎಂಟಿ ಕಂಬಿಯ ಬಗ್ಗೆ ಒಂದು ಮಾತು. ಅದರ ಬಲ ಇರುವುದು ನೀರಿನಲ್ಲಿ ಅದ್ದಿ ಗಟ್ಟಿ ಮಾಡಿದ ಹೊರಪದರದಲ್ಲಿ. ವೆಲ್ಡಿಂಗ್ ಶಾಖಕ್ಕೆ ಆ ಪದರ ಮೆತ್ತಗಾಗುತ್ತದೆ, ಬೆಸುಗೆಯ ಪಕ್ಕದಲ್ಲೇ ಬಾಗುತ್ತದೆ. ಲಾರಿಯ ಹಳೆಯ ಪಾಟಾ ಇನ್ನೂ ಕಷ್ಟ. ಅದು ಹೆಚ್ಚು ಇಂಗಾಲದ ಸ್ಪ್ರಿಂಗ್ ಉಕ್ಕು. ತಣ್ಣಗಿರುವಾಗಲೇ ಬೆಸೆದರೆ ಬೆಸುಗೆಯ ಅಂಚು ಗಾಜಾಗುತ್ತದೆ, ಬಾಗದೆ ನೇರ ಮುರಿಯುತ್ತದೆ. 200 ಡಿಗ್ರಿ ಆಸುಪಾಸು ಕಾಯಿಸಿ, ಬೆಸೆದು, ಬೂದಿಯಲ್ಲೋ ಒಣ ಮರಳಿನಲ್ಲೋ ಹೂತು ನಿಧಾನ ಆರಿಸಿದರೆ ನಿಲ್ಲಬಹುದು. ಅಷ್ಟು ತಾಳ್ಮೆ ಇರುವ ವೆಲ್ಡರ್ ಸಿಕ್ಕರೆ ನಿಮ್ಮ ಪುಣ್ಯ.

ವೆಲ್ಡಿಂಗ್ ರಾಡಿನದ್ದು ಮಲೆನಾಡಿಗೇ ವಿಶೇಷವಾದ ಸಮಸ್ಯೆ. ಗೇಟು, ಕಿಟಕಿಗೆ ಬಳಸುವ 6013 ನಂಬರಿನ ರಾಡು ಇಂಥ ಕೆಲಸಕ್ಕಲ್ಲ, 7018 ಬೇಕು. ಆದರೆ 7018ರ ಲೇಪ ಗಾಳಿಯ ತೇವ ಹೀರುತ್ತದೆ. ಜೂನ್‌ನಲ್ಲಿ ಒಡೆದ ಪೊಟ್ಟಣವನ್ನು ದೀಪಾವಳಿ ಕಳೆದ ಮೇಲೆ ಬಳಸಿದರೆ ಆ ತೇವದ ಹೈಡ್ರೋಜನ್ ಬೆಸುಗೆಯೊಳಗೆ ಸೇರುತ್ತದೆ. ಅಂದು ಚೆನ್ನಾಗಿ ಕಂಡ ಬೆಸುಗೆ ಒಂದೆರಡು ದಿನ ಬಿಟ್ಟು, ಮುಟ್ಟದೆ ಇದ್ದರೂ, ಒಳಗೇ ಬಿರಿಯಬಹುದು. ಬಳಸುವ ಮೊದಲು ಓವನ್‌ನಲ್ಲಿ 300 ಡಿಗ್ರಿ ಮೇಲೆ ಒಂದೆರಡು ಗಂಟೆ, ಪೊಟ್ಟಣದ ಮೇಲೆ ಬರೆದಷ್ಟು, ಒಣಗಿಸಲೇಬೇಕು. ಬಿಸಿಲಿಗಿಟ್ಟರೆ ಸಾಲದು. ಓವನ್ ಇಲ್ಲದ ವರ್ಕ್‌ಶಾಪ್ ಆದರೆ ಆಗತಾನೇ ಸೀಲ್ ಒಡೆದ ಪೊಟ್ಟಣವನ್ನು ನಿಮ್ಮೆದುರೇ ಬಳಸಲಿ.

ಹಲ್ಲಿನ ತುದಿ ಬಿಡಿಯಾಗಿರಬೇಕೋ, ಅಡ್ಡಪಟ್ಟಿ ಕಟ್ಟಿರಬೇಕೋ ಎಂಬುದು ಕೆಲಸದ ಮೇಲೆ. ಮೇಲೆ ಬಿದ್ದ ಬಿಡಿ ಕಲ್ಲು ಎತ್ತಲು ಬಿಡಿ ತುದಿ ಸರಿ. ಹಳೆಯ ಅಡಿಕೆ ಮರದ ಬುಡ, ಬೇರು ಇರುವ ಕಡೆ ಬಿಡಿ ತುದಿ ಸಿಕ್ಕಿಕೊಂಡು ತಿರುಚುತ್ತದೆ, ಅಲ್ಲಿ 100×16ರ ಪಟ್ಟಿ ಕಟ್ಟಿಸುವುದು ವಾಸಿ. ಮೇಲಿಂದ ಕಚ್ಚಿ ಹಿಡಿಯುವ ಗ್ರ್ಯಾಪಲ್ ಇರುವ ಬಕೆಟ್‌ಗಳ ವಿಡಿಯೋ ನೋಡಿ ಆಸೆಪಡುವವರಿಗೆ ಇಷ್ಟೇ ಹೇಳುವುದು: ಅದಕ್ಕೆ ಇನ್ನೊಂದು ಜೋಡಿ ಹೋಸ್, ಇನ್ನೊಂದು ವಾಲ್ವ್ ಬೇಕು, ಬಕೆಟ್ ಮತ್ತಷ್ಟು ಭಾರವಾಗುತ್ತದೆ. ಎರಡು ಚಕ್ರ ಚಾಲನೆಯ ಟ್ರ್ಯಾಕ್ಟರಿಗೆ ಅದು ಬೇಡ.

ಹಲ್ಲು ಉದ್ದ ಮಾಡಿಸುವ ಚಪಲವನ್ನೂ ಬಿಡಿ. ಪಿನ್ನಿನಿಂದ ಭಾರದ ನಡು 45 ಸೆಂ.ಮೀ. ದೂರದಲ್ಲಿದ್ದದ್ದು 65ಕ್ಕೆ ಹೋದರೆ ಬಕೆಟ್ ಮಡಚುವ ಜಾಕಿನ ಶಕ್ತಿ ಮೂರನೇ ಒಂದು ಭಾಗದಷ್ಟು ಕಡಿಮೆಯಾದಂತೆ. ಬೆನ್ನು ಮಾತ್ರ ತಗ್ಗಿರಬಾರದು. ನಮ್ಮಲ್ಲಿಯ ಹೆಚ್ಚಿನ ಲೋಡರ್‌ಗಳಲ್ಲಿ ತೋಳು ಮೇಲೇರಿದಂತೆ ಬಕೆಟ್ ತಾನಾಗಿ ಹಿಂದಕ್ಕೆ ವಾಲುತ್ತದೆ. ಗುಂಡುಕಲ್ಲು ಬೆನ್ನು ದಾಟಿ ಉರುಳಿದರೆ ಮೊದಲು ಬಾನೆಟ್, ಆಮೇಲೆ ಡ್ರೈವರ್. ಬೆನ್ನು 50 ಸೆಂ.ಮೀ. ಇದ್ದರೆ ಅದರ ಮೇಲೆ ಇನ್ನೊಂದು ಗೇಣು ಕಂಬಿಯ ತಡೆ ಹಾಕಿಸಿ. ಎತ್ತುವಾಗ ಬಕೆಟನ್ನು ಆಗಾಗ ಮುಂದಕ್ಕೆ ತಿದ್ದಿಕೊಳ್ಳುತ್ತಾ ಹೋಗಿ.

ಅಳತೆ ಕೊಡುವಾಗ ತೋಳಿನ ತುದಿಯ ಪಿನ್ನಿನ ದಪ್ಪ, ಕೆಳಗಿನ ಪಿನ್ನಿನಿಂದ ಜಾಕಿನ ಪಿನ್ನಿಗೆ ನಡುವಿನಿಂದ ನಡುವಿಗೆ ಅಂತರ, ಎರಡು ತೋಳುಗಳ ನಡುವಿನ ಅಂತರ, ಬ್ರಾಕೆಟ್ ಒಳ ಅಗಲ, ಈ ನಾಲ್ಕನ್ನೂ ಬರೆದುಕೊಂಡು ಹೋಗಿ. ಸಾಧ್ಯವಾದರೆ ಹಳೆಯ ಬಕೆಟ್‌ನ ಬ್ರಾಕೆಟ್ ಮೇಲೆ ರಟ್ಟು ಒತ್ತಿ ತೂತಿನ ಗುರುತು ತೆಗೆಯಿರಿ. ಪಿನ್ನುಗಳ ನಡುವೆ 10 ಮಿ.ಮೀ. ಹೆಚ್ಚುಕಮ್ಮಿಯಾದರೂ ಬಕೆಟ್ ಪೂರ್ತಿ ಮಡಚುವುದಿಲ್ಲ ಅಥವಾ ಪೂರ್ತಿ ಸುರಿಯುವುದಿಲ್ಲ. ಕಟ್ಟಿದ ಮೇಲೆ ನೆಲಮಟ್ಟದಲ್ಲಿ ಪೂರ್ತಿ ಹಿಂದಕ್ಕೆ ಮಡಚಿದಾಗ ಹಲ್ಲಿನ ತುದಿ ಕನಿಷ್ಠ 30 ಡಿಗ್ರಿ ಮೇಲೇಳಬೇಕು, ಎತ್ತಿ ಸುರಿದಾಗ 40–45 ಡಿಗ್ರಿ ಕೆಳಗಿಳಿಯಬೇಕು. ಬಕೆಟ್ ತೋಳಿಗೆ ಬಡಿಯುವ ಮೊದಲು ಜಾಕಿನ ಓಟ ಮುಗಿಯಬೇಕು. ಇದನ್ನು ವರ್ಕ್‌ಶಾಪಿನ ಅಂಗಳದಲ್ಲೇ ನೋಡಿ, ಊರಿಗೆ ತಂದ ಮೇಲೆ ಅಲ್ಲ.

ಬಳಸುವ ಕ್ರಮ ಹೆಚ್ಚು ಹೇಳಬೇಕಿಲ್ಲ. ಹಲ್ಲನ್ನು ಐದು ಹತ್ತು ಡಿಗ್ರಿ ಕೆಳಗೆ ಬಗ್ಗಿಸಿ, ಲೋ ಫಸ್ಟ್ ಗೇರಿನಲ್ಲಿ ತೆವಳುತ್ತಾ ಊರಿ, ತುಸು ಮಡಚಿ, ಮತ್ತೆ ತೆವಳಿ. ಓಡಿಬಂದು ಗುದ್ದಬೇಡಿ. ಹಾರೆಗೆ ಅಲುಗದ ಕಲ್ಲಿಗೆ ಬಕೆಟ್ ಹಚ್ಚಬೇಡಿ, ಅದನ್ನು ಹಿಟಾಚಿಗೆ ಬಿಡಿ. ಒಂದು ಮೂಲೆಯ ಹಲ್ಲಿನಿಂದ ಮೀಟಿದರೆ ಇಡೀ ಬಲ ಒಂದೇ ತೋಳಿಗೆ ಬಿದ್ದು ಎರಡೂ ತೋಳು ಹೊಂದದಂತಾಗುತ್ತವೆ. ಮಣ್ಣು ಉದುರಿಸಲು ಮೂರ್ನಾಲ್ಕು ಸಲ ಮೆಲ್ಲಗೆ ಅಲುಗಾಡಿಸಿದರೆ ಸಾಕು, ಪಟಪಟ ಲಿವರ್ ಬಡಿದರೆ ಪಿನ್ನಿನ ತೂತು ಮೊಟ್ಟೆಯಾಕಾರಕ್ಕೆ ಸವೆಯುತ್ತದೆ. ತುಂಬಿದ ಬಕೆಟ್ ನೆಲದಿಂದ ಒಂದಡಿಗಿಂತ ಮೇಲೆ ಬೇಡ. ದರೆಯ ಅಂಚಿನಲ್ಲಿ, ಅಡ್ಡ ಇಳಿಜಾರಿನಲ್ಲಿ ಹೋಗಬೇಡಿ. ಬಕೆಟ್ ಸದಾ ಏರಿನ ಕಡೆಗಿರಲಿ, ಅಂದರೆ ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್. ಎರಡೂ ಬ್ರೇಕ್ ಪೆಡಲ್ ಕೂಡಿಸಿ ಚಿಲಕ ಹಾಕಿರಿ. ಎಂಟು ಹತ್ತು ಗಂಟೆ ಕೆಲಸಕ್ಕೊಮ್ಮೆ ಪಿನ್ನುಗಳಿಗೆ ಗ್ರೀಸ್. ಮುಂದಿನ ಟೈರಿಗೆ ಅದರ ಪಕ್ಕೆಯ ಮೇಲೆ ಬರೆದಿರುವ ಗರಿಷ್ಠ ಗಾಳಿ. ಹೊಳೆ ಹಳ್ಳದ ಗುಂಡುಕಲ್ಲು, ಮರಳಿಗೆ ಈ ಬಕೆಟ್ ಇಳಿಸುವುದು ಬೇರೆಯೇ ವಿಷಯ, ಅದು 1994ರ ಉಪ ಖನಿಜ ರಿಯಾಯಿತಿ ನಿಯಮಗಳ ಕೆಳಗೆ ಬರುತ್ತದೆ, ಪರವಾನಗಿ ಇಲ್ಲದೆ ಕೈಹಾಕಬೇಡಿ.

ಅಡಿಕೆ ತೋಟದೊಳಗೆ ಈ ಲೋಡರ್ ಓಡಾಡುತ್ತದೆಯೇ ಎಂದು ಕೇಳುವವರಿಗೆ: ಗಿಡ ಹಾಕುವ ಮೊದಲು ಮಾತ್ರ. 9 ಅಡಿಗೆ 9 ಅಡಿ ಅಂತರದ ಹೊಸ ತೋಟದಲ್ಲೂ ತಿರುಗಿಸಲು ಜಾಗ ಸಾಲದು, ಬಸಿಗಾಲುವೆ ತೋಡಿದ ಹಳೆಯ ತೋಟಕ್ಕಂತೂ ಇಳಿಸುವ ಮಾತೇ ಇಲ್ಲ. ಹೆಕ್ಕಿದ ಕಲ್ಲನ್ನು ಮೂಲೆಯಲ್ಲಿ ಗುಡ್ಡೆ ಹಾಕದೆ ಇಳಿಜಾರಿಗೆ ಅಡ್ಡಲಾಗಿ ಬದು ಕಟ್ಟಲು ಬಳಸಿ, ಸಾಗಣೆಯೂ ಕಡಿಮೆ.

ಕೊನೆಗೆ ಎರಡು ಬೇಡಿಕೆ. ಬಕೆಟ್ ಮಾಡುವ ವರ್ಕ್‌ಶಾಪಿನವರು ಅದರ ಬೆನ್ನ ಮೇಲೆ ಖಾಲಿ ತೂಕ, ನಿಜವಾದ ಸಂದು, ಪ್ಲೇಟಿನ ದರ್ಜೆ ಈ ಮೂರನ್ನು ಗುದ್ದಿ ಕೊಡಲಿ. ಅಂಗಡಿಯ ಹೆಸರನ್ನು ಬಣ್ಣದಲ್ಲಿ ಬರೆಸುವಷ್ಟೇ ಖರ್ಚು, ತೂಕಕ್ಕೆ ಹತ್ತಿರದ ವೇಬ್ರಿಜ್ ಇದ್ದೇ ಇದೆ. ಇನ್ನೊಂದು, ಬಾಡಿಗೆಗೆ ಯಂತ್ರ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳಿಗೆ. ಕಲ್ಲು ಹೆಕ್ಕುವ ಕೆಲಸ ಒಬ್ಬ ರೈತನಿಗೆ ವರ್ಷದಲ್ಲಿ ಕೆಲವೇ ದಿನ. ಹೋಬಳಿಗೊಂದು ಲೋಡರ್ ಟ್ರ್ಯಾಕ್ಟರ್, 100 ಮಿ.ಮೀ. ಸಂದಿನ ನಾಲ್ಕೂವರೆ ಅಡಿ ಬಕೆಟ್, ಹಿಂದೆ 450 ಕೆಜಿಯ ಕಾಂಕ್ರೀಟ್ ಪೆಟ್ಟಿಗೆ ಇಟ್ಟರೆ ಪ್ರತಿಯೊಬ್ಬರೂ ಸ್ವಂತ ಬಕೆಟ್ ಮಾಡಿಸುವ ಅಗತ್ಯವೇ ಬೀಳದು. ಪೆಟ್ಟಿಗೆ ಇಲ್ಲದೆ ಲೋಡರ್ ಹೊರಗೆ ಕಳಿಸುವುದಿಲ್ಲ ಎಂಬ ಷರತ್ತನ್ನೂ ಬಾಡಿಗೆ ಚೀಟಿಯಲ್ಲೇ ಸೇರಿಸಬೇಕು.

— ಲೋಡರ್ ಚಾಲಕರು ಮತ್ತು ವೆಲ್ಡಿಂಗ್ ಕೆಲಸಗಾರರು,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ